ತುಮಕೂರಿನಿಂದ ನಂದಿಬೆಟ್ಟಕ್ಕೆ ಪ್ಲಗ್-ಇನ್ ಹೈಬ್ರಿಡ್: ಚಾರ್ಜು ಎಲ್ಲಿ ಖರ್ಚು, ಎಲ್ಲಿ ಉಳಿತಾಯ

ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ನಂದಿಬೆಟ್ಟದ ತುದಿಗೆ 90 ಕಿ.ಮೀ. ಆಸುಪಾಸು. ಪ್ಲಗ್-ಇನ್ ಹೈಬ್ರಿಡ್, ಅಂದರೆ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಬ್ಯಾಟರಿ-ಮೋಟಾರೂ ಪೆಟ್ರೋಲ್ ಎಂಜಿನ್ನೂ ಎರಡೂ ಇರುವ ಕಾರು, ಹೊಸದಾಗಿ ಕೊಂಡವರು ಈ ದಾರಿಯಲ್ಲಿ ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಿಗ್ಗೆ ಬರೀ ಬ್ಯಾಟರಿಯಲ್ಲಿ ಓಡುವ ಇವಿ ಮೋಡ್ ಒತ್ತಿ, ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೊರಡುತ್ತಾರೆ. ದೊಡ್ಡಬಳ್ಳಾಪುರ ಮುಟ್ಟುವ ಹೊತ್ತಿಗೆ ಬ್ಯಾಟರಿ ಖಾಲಿ. ಅಲ್ಲಿಂದ ಮುಂದೆ ಹಂಪ್ಸು, ಹಳ್ಳಿ ರಸ್ತೆ, ಬೆಟ್ಟದ ಏರು, ವಾಹನಗಳ ಸಾಲು. ಪೆಟ್ರೋಲ್ ಎಂಜಿನ್‌ಗೆ ಒಗ್ಗದ ಕೆಲಸವೆಲ್ಲ ಎಂಜಿನ್ ತಲೆಗೆ ಬೀಳುತ್ತದೆ.

ಲೆಕ್ಕ ಹಾಕೋಣ. ಕಿಲೋವ್ಯಾಟ್-ಅವರ್ ಅಂದರೆ ಮನೆ ಕರೆಂಟ್ ಬಿಲ್ಲಿನ ಯೂನಿಟ್ಟೇ. 18 ಯೂನಿಟ್ ಬ್ಯಾಟರಿಯ ಕಾರು ಎಂದುಕೊಳ್ಳಿ. ಅಷ್ಟನ್ನೂ ಬಳಸಲು ಕಾರು ಬಿಡುವುದಿಲ್ಲ, ಕೈಗೆ ಸಿಗುವುದು 15ರಷ್ಟು. ಇಂಥ ಕಾರು ಹೆದ್ದಾರಿಯಲ್ಲಿ ಗಂಟೆಗೆ 100ರಲ್ಲಿ ಯೂನಿಟ್ಟಿಗೆ ಸುಮಾರು 4 ಕಿ.ಮೀ. ಓಡುತ್ತದೆ. ಊರೊಳಗೆ, ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಹೋದರೆ 5, ಒಮ್ಮೊಮ್ಮೆ ಇನ್ನೂ ಜಾಸ್ತಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದೇ ಇದಕ್ಕೆ ಕಾರಣ. ಎಂಜಿನ್ನಿನ ಸ್ವಭಾವ ತದ್ವಿರುದ್ಧ: 80-90ರ ಒಂದೇ ಸಮನೆ ಓಟದಲ್ಲಿ ಅದು ಮಿತವ್ಯಯಿ, ನಿಂತು-ಹೊರಡುವಲ್ಲಿ ಹೊಟ್ಟೆಬಾಕ.

ಆದ್ದರಿಂದ ತುಮಕೂರು ಊರೊಳಗೆ ಇವಿ ಮೋಡ್. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವವರು ತಿಂದೆದ್ದ ಮೇಲೆ ಸೇವ್ ಮೋಡ್‌ಗೆ ಬದಲಿಸಲಿ. ಕೆಲವು ಕಾರುಗಳಲ್ಲಿ ಇದಕ್ಕೆ ಹೋಲ್ಡ್ ಎಂದು ಹೆಸರು. ಇದ್ದಷ್ಟು ಚಾರ್ಜನ್ನು ಹಾಗೇ ಹಿಡಿದಿಟ್ಟು ಎಂಜಿನ್ ಮೇಲೆ ಓಡುವುದು ಅಷ್ಟೇ. ಪಕ್ಕದಲ್ಲೇ ಚಾರ್ಜ್ ಮೋಡ್ ಅಂತ ಇನ್ನೊಂದಿರುತ್ತದೆ, ಅದನ್ನು ಮುಟ್ಟಬೇಡಿ. ಪೆಟ್ರೋಲ್ ಸುಟ್ಟು ಕರೆಂಟ್ ಮಾಡಿ, ಆ ಕರೆಂಟನ್ನು ಬ್ಯಾಟರಿಗೆ ತುಂಬಿ, ಮತ್ತೆ ತೆಗೆದು ಚಕ್ರಕ್ಕೆ ಕೊಡುವಷ್ಟರಲ್ಲಿ ಪ್ರತಿ ಹಂತದಲ್ಲೂ ಒಂದಿಷ್ಟು ಸೋರುತ್ತದೆ. ಮನೆಯ ಪ್ಲಗ್ಗಿನ ಕರೆಂಟಿಗಿಂತ ದುಬಾರಿ ಬೀಳುತ್ತದೆ.

ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ರಾಷ್ಟ್ರೀಯ ಹೆದ್ದಾರಿ 648 ಹಿಡಿದರೆ ದೊಡ್ಡಬಳ್ಳಾಪುರದವರೆಗೂ ಸೇವ್ ಮೋಡೇ ಇರಲಿ. ಊರು ಹೊಕ್ಕ ಮೇಲೆ ಇವಿ. ಅಲ್ಲಿಂದ ನಂದಿ ಕಡೆಯ ರಸ್ತೆಯಲ್ಲಿ ಹಂಪ್ಸು, ದನ, ಟ್ರ್ಯಾಕ್ಟರು; ಬ್ಯಾಟರಿಗೆ ಹೇಳಿ ಮಾಡಿಸಿದ ದಾರಿ. ಪ್ರತಿ ಹಂಪ್ಸಿನ ಮುಂದೆ ಕಾಲು ಮೆಲ್ಲಗೆ ಎತ್ತಿದರೆ ಮೋಟಾರೇ ಜನರೇಟರ್ ಆಗಿ ಅಷ್ಟಿಷ್ಟು ವಾಪಸ್ ಕೊಡುತ್ತದೆ. ಹತ್ತಿರ ಬಂದು ಗಕ್ಕನೆ ತುಳಿದರೆ ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ, ಬ್ಯಾಟರಿಗೆ ಬರುವುದು ಕಡಿಮೆ.

ಚಳಿಗಾಲದಲ್ಲಿ ಸೂರ್ಯೋದಯ ನೋಡಲು ಹೊರಟವರಿಗೆ ಒಂದು ಮಾತು. ಮಂಜಿಗೆ ಗಾಜು ಮುಸುಕಾಗುತ್ತದೆ, ಡಿಫಾಗರ್ ಒತ್ತಿದ ಕೂಡಲೇ ಇವಿ ಮೋಡ್‌ನಲ್ಲಿದ್ದರೂ ಎಂಜಿನ್ ಗುರ್ ಎನ್ನುತ್ತದೆ. ಕಾರು ಕೆಟ್ಟಿಲ್ಲ. ಹಲವು ಪ್ಲಗ್-ಇನ್ ಕಾರುಗಳಲ್ಲಿ ಒಳಗಿನ ಬಿಸಿಗಾಳಿ ಬರುವುದೇ ಎಂಜಿನ್ ನೀರಿನ ಶಾಖದಿಂದ. ಹೀಟರ್ ಆಫ್ ಮಾಡಿ, ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಟ್ಟರೆ ಬಹುಮಟ್ಟಿಗೆ ಗಾಜು ತಿಳಿಯಾಗುತ್ತದೆ. ಆಗದಿದ್ದರೆ ಡಿಫಾಗರ್ ಹಾಕಿ, ಎಂಜಿನ್ ಓಡಲಿ. ನಾಲ್ಕು ರೂಪಾಯಿ ಪೆಟ್ರೋಲಿಗಾಗಿ ಕುರುಡಾಗಿ ಓಡಿಸಬೇಡಿ.

ಇನ್ನು ಬೆಟ್ಟ. ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಸುಮಾರು 500 ಮೀಟರ್ ಏರು. ಜನ, ಸಾಮಾನು ಸೇರಿ 2,200 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬರೀ ಭಾರಕ್ಕೇ 3 ಯೂನಿಟ್ ಬೇಕು. ಟೈರಿನ ಘರ್ಷಣೆ, ಮೋಟಾರಿನ ನಷ್ಟ ಸೇರಿದರೆ 4. ಬ್ಯಾಟರಿಯಲ್ಲಿ 8-9 ಯೂನಿಟ್ ಇಟ್ಟುಕೊಂಡು ಬುಡಕ್ಕೆ ಬಂದರೆ ನಿಶ್ಚಿಂತೆ. ವಾರಾಂತ್ಯದಲ್ಲಿ ಸಾಲು ಹತ್ತಿಪ್ಪತ್ತು ಅಡಿ ಸರಿದು ನಿಲ್ಲುವಾಗ, ಏರಿನಲ್ಲೇ ನಿಂತು ಮತ್ತೆ ಹೊರಡುವಾಗ, ಮೋಟಾರಿನ ಬೆಲೆ ಗೊತ್ತಾಗುತ್ತದೆ. ಎಸಿ ಹಾಕಿಕೊಂಡು ಒಂದು ಗಂಟೆ ಕಾದರೂ ಹೋಗುವುದು ಒಂದು ಯೂನಿಟ್ ಅಷ್ಟೇ.

ಏರಿನಲ್ಲಿ ಮೋಟಾರು, ಎಂಜಿನ್ ಎರಡೂ ಸೇರಿ ಓಡುವ ಹೈಬ್ರಿಡ್ ಮೋಡ್ ವಾಸಿ. ಆದರೆ ಎಂಜಿನ್ ತಣ್ಣಗಿರಬಾರದು, ಇದನ್ನು ಮರೆಯುವವರೇ ಹೆಚ್ಚು. ದೊಡ್ಡಬಳ್ಳಾಪುರದಿಂದ ಇಪ್ಪತ್ತು ಕಿ.ಮೀ. ಇವಿಯಲ್ಲಿ ಬಂದಿದ್ದೀರಿ, ಎಂಜಿನ್ ಆರಿದೆ. ಕಡಿದಾದ ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಆರಿದ ಎಂಜಿನ್ ಏಕಾಏಕಿ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ವೇಗಕ್ಕೆ ಏರುತ್ತದೆ. ಆಯಿಲ್ ಇನ್ನೂ ಬಿಸಿಯಾಗದೆ, ತೆಳುವಾಗದೆ ಇರುವಾಗ ಇದು ಒಳ್ಳೆಯದಲ್ಲ. ಬುಡಕ್ಕೆ ನಾಲ್ಕೈದು ಕಿ.ಮೀ. ಇರುವಾಗಲೇ ಸೇವ್ ಮೋಡ್ ಒತ್ತಿ ಎಂಜಿನ್ ಬಿಸಿಮಾಡಿ, ಆಮೇಲೆ ಹೈಬ್ರಿಡ್‌ಗೆ ಬನ್ನಿ. ಪೂರ್ತಿ ಇವಿಯಲ್ಲೇ ಹತ್ತುವ ಹಟವಿದ್ದರೆ ಕಾಲು ಹಗುರವಾಗಿರಲಿ. ಪೆಡಲ್‌ನ ಕೊನೆಯ ಬಿಗಿಯನ್ನು ದಾಟಿ ಒತ್ತಬೇಡಿ.

ಇಳಿಯುವಾಗ ಡಿ ಬಿಟ್ಟು ಬಿ ಗೇರ್, ಅಂದರೆ ಕಾಲೆತ್ತಿದಾಗ ಮೋಟಾರೇ ಹೆಚ್ಚು ಹಿಡಿದು ಬ್ಯಾಟರಿ ತುಂಬುವ ಗೇರ್. ಏರುವಾಗ ಹೋದ ನಾಲ್ಕರಲ್ಲಿ ಒಂದೂವರೆಯಿಂದ ಎರಡು ಯೂನಿಟ್ ವಾಪಸ್ ಬರುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಅದು ಕೂರಲು ಬ್ಯಾಟರಿಯಲ್ಲಿ ಜಾಗ ಬೇಕು. ದಾರಿಯುದ್ದಕ್ಕೂ ಚಾರ್ಜ್ ಮೋಡ್ ಹಾಕಿ 95 ಪರ್ಸೆಂಟ್ ಇಟ್ಟುಕೊಂಡು ತುದಿಗೆ ಬಂದವರಿಗೆ ಅರ್ಧ ಇಳಿಯುವಷ್ಟರಲ್ಲೇ ಅದು ತುಂಬಿಹೋಗುತ್ತದೆ. ಆಮೇಲೆ ಕಾಲೆತ್ತಿದರೂ ಕಾರು ಹಿಡಿತ ಕೊಡದೆ ಜಾರಿದಂತಾಗುತ್ತದೆ. ಕೆಲವು ಕಾರುಗಳಲ್ಲಿ ಹೆಚ್ಚಾದ ಶಕ್ತಿ ಕಳೆಯಲು ಎಂಜಿನ್ ತಾನೇ ಜೋರಾಗಿ ತಿರುಗತೊಡಗುತ್ತದೆ. ಸದ್ದು ಕೇಳಿ ಗಾಬರಿಯಾಗಿ ನ್ಯೂಟ್ರಲ್‌ಗೆ ಹಾಕುವುದು ಎಲ್ಲಕ್ಕಿಂತ ಅಪಾಯ, ಇರುವ ಹಿಡಿತವೂ ಹೋಗುತ್ತದೆ. ಬೆಟ್ಟದ ಮೇಲೆ ಉಳಿದು ಚಾರ್ಜಿಗೆ ಹಾಕುವವರು 80-85ಕ್ಕೆ ಪ್ಲಗ್ ಕಿತ್ತರೆ ಈ ಪಾಡಿಲ್ಲ.

ರಾತ್ರಿ ಚಿಕ್ಕಬಳ್ಳಾಪುರದಲ್ಲಿ ತಂಗುವುದಾದರೆ, ಬೆಟ್ಟದಿಂದ ಅಲ್ಲಿಗೆ 20 ಕಿ.ಮೀ. ಸುಮಾರು. ಭೋಗನಂದೀಶ್ವರ ದೇವಸ್ಥಾನ ನೋಡಿಕೊಂಡು, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಿಕೊಂಡು ಊರು ಸೇರುವಾಗ ನಾಲ್ಕೈದು ಯೂನಿಟ್ ಉಳಿದಿರುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್ ಹುಡುಕುತ್ತ ಅಲೆಯಬೇಡಿ. ನಿಮ್ಮ ಕಾರಿನ ಸಾಕೆಟ್ಟಿನ ಮುಚ್ಚಳ ತೆಗೆದು ನೋಡಿ: ಏಳು ತೂತಿನ ದುಂಡನೆಯದು ಮಾತ್ರ ಇದ್ದು, ಅದರ ಕೆಳಗೆ ಎರಡು ದೊಡ್ಡ ತೂತು ಇಲ್ಲದಿದ್ದರೆ ಫಾಸ್ಟ್ ಚಾರ್ಜರಿನ ಡಿಸಿ ಗನ್ ಕೂರುವುದೇ ಇಲ್ಲ. ಬಹಳಷ್ಟು ಪ್ಲಗ್-ಇನ್ ಹೈಬ್ರಿಡ್‌ಗಳು ಹೀಗೇ. ಆ ಏಳು ತೂತಿಗೆ ಕೂರುವ, ಮನೆ ಕರೆಂಟಿನ ಬಗೆಯ ಟೈಪ್ 2 ಎಸಿ ಚಾರ್ಜರ್ 7.4 ಕಿಲೋವ್ಯಾಟ್ ಕೊಡುವಂಥದ್ದಾದರೂ ಕಾರಿನೊಳಗಿನ ಚಾರ್ಜರ್ 3.7ರದ್ದಾದರೆ ಅಷ್ಟೇ ಎಳೆಯುವುದು. ನಿಮಿಷದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಕಡೆ ಇದು ಸುಮ್ಮನೆ ನಷ್ಟ.

ಲಾಡ್ಜಿನ 16 ಆಂಪಿಯರ್ ಪಾಯಿಂಟ್ ಸಾಕು. ಬುಕ್ ಮಾಡುವಾಗಲೇ ಪಾರ್ಕಿಂಗ್ ಪಕ್ಕ ದಪ್ಪ ಮೂರು ಪಿನ್ನಿನ ಪಾಯಿಂಟ್ ಇದೆಯಾ, ರಾತ್ರಿಯೆಲ್ಲ ಹಾಕಲು ಬಿಡ್ತೀರಾ ಅಂತ ಕೇಳಿ, ಯೂನಿಟ್ಟಿಗಿಷ್ಟು ಎಂದು ಮಾತಾಡಿಕೊಳ್ಳಿ. ಮೂರು ದೀಪದ ಸಾಕೆಟ್ ಟೆಸ್ಟರ್ ಚೀಲದಲ್ಲಿರಲಿ. ಹಳೆ ಕಟ್ಟಡಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುವುದುಂಟು. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಅರ್ಥಿಂಗ್ ಪಿನ್ ಕಿತ್ತು, ಅಡಾಪ್ಟರ್ ಸಿಕ್ಕಿಸಿ ಮೋಸ ಮಾಡುವ ಉಪಾಯ ಯಾರು ಹೇಳಿಕೊಟ್ಟರೂ ಬೇಡ. ಕರೆಂಟನ್ನು 10 ಆಂಪಿಯರಿಗೆ ಇಳಿಸಿ ಹಾಕಿ, ಅರ್ಧ ಗಂಟೆ ಬಿಟ್ಟು ಪ್ಲಗ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಸಾಕೆಟ್ಟಿನ ಹಿಡಿತ ಸಡಿಲ, ಕಿತ್ತುಬಿಡಿ. ಎಕ್ಸ್‌ಟೆನ್ಷನ್ ಅನಿವಾರ್ಯವಾದರೆ 2.5 ಚದರ ಮಿ.ಮೀ. ತಂತಿಯದು, ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟರೆ ಒಳಗೊಳಗೇ ಕಾಯುತ್ತದೆ.

11 ಯೂನಿಟ್ ತುಂಬಲು ನಷ್ಟ ಸೇರಿ ಗೋಡೆಯಿಂದ ಹನ್ನೆರಡೂವರೆ ಹೋಗುತ್ತದೆ. 230 ವೋಲ್ಟ್, 10 ಆಂಪಿಯರ್‌ನಲ್ಲಿ ಐದೂವರೆ ಗಂಟೆ. ವೋಲ್ಟೇಜ್ 190ಕ್ಕೆ ಕುಸಿದರೆ ಆರೂವರೆ. ರಾತ್ರಿ ಹತ್ತಕ್ಕೆ ಹಾಕಿದರೆ ಎರಡೂ ಸರಿಹೋಗುತ್ತದೆ.

ವಾಪಸ್ ಬರುವಾಗ ಬಂಕಿನಲ್ಲಿ ಪೆಟ್ರೋಲ್ ಮುಚ್ಚಳ ಕೂಡಲೇ ತೆರೆಯದಿದ್ದರೆ ಎಳೆದಾಡಬೇಡಿ. ಹಲವು ಪ್ಲಗ್-ಇನ್ ಕಾರುಗಳ ಟ್ಯಾಂಕು ಒತ್ತಡದಲ್ಲಿ ಮುಚ್ಚಿರುತ್ತದೆ. ಗುಂಡಿ ಒತ್ತಿದ ಮೇಲೆ ಒತ್ತಡ ಇಳಿಯಲು ಕೆಲವು ಸೆಕೆಂಡು ಬೇಕು. ದಾರಿಯ ಕ್ರಮ ಅದೇ, ಹೆದ್ದಾರಿಯಲ್ಲಿ ಸೇವ್, ಊರೊಳಗೆ ಇವಿ. ಮನೆಯಲ್ಲಿ ಪ್ಲಗ್ ಕಾದಿರುವುದರಿಂದ ದಾಬಸ್‌ಪೇಟೆ ದಾಟಿದ ಮೇಲೆ ಉಳಿದ ಚಾರ್ಜನ್ನೆಲ್ಲ ಕರಗಿಸಿ. ಮುಂದಿನ ವಾರವೆಲ್ಲ ಕಾರು ನಿಂತೇ ಇರುವುದಾದರೆ ಮಾತ್ರ ಅರ್ಧದಷ್ಟು ತುಂಬಿ ಪ್ಲಗ್ ತೆಗೆದಿಡಿ.