ಬ್ರೂಜ್‌ಗೆ ಒಂದು ದಿನ ಸಾಲದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದ ಮೇಲೆ, ಬೇಸಿಗೆ ರಜೆಯ ಹೊತ್ತಿಗೆ ಊರಿನಿಂದ ಬರುವ ನೆಂಟರೂ ಇಲ್ಲಿಯ ಕನ್ನಡ ಬಳಗದ ಸ್ನೇಹಿತರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳನ್ನು ನೋಡಿದ್ದಾಗಿದೆ. ಬೆಲ್ಜಿಯಮ್ಮಿನ ಬ್ರೂಜ್‌ಗೂ ಹೋಗಲೇಬೇಕೇ? ಹೋದರೂ ಬ್ರಸೆಲ್ಸಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾದರೆ ಸಾಲದೇ?" ವಯಸ್ಸಾದ ತಂದೆತಾಯಿಯನ್ನೂ ಚಿಕ್ಕ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಬರುವವರು ಇದನ್ನು ಇನ್ನಷ್ಟು ಆತಂಕದಿಂದ ಕೇಳುತ್ತಾರೆ. ನನ್ನ ಉತ್ತರ ಹೀಗಿದೆ: ಹೋಗಲೇಬೇಕು, ಒಂದು ದಿನ ಸಾಲದು, ಕನಿಷ್ಠ ಒಂದು ರಾತ್ರಿಯಾದರೂ ಕಾಲುವೆ ಸುತ್ತುವರಿದ ಹಳೆಯ ಊರಿನಲ್ಲಿಯೇ ತಂಗಬೇಕು. ಇದಕ್ಕೆ ಕಾರಣ ಆ ಊರಿನ ನೀರಿನ ಕಥೆಯಲ್ಲಿದೆ.

ಆಮ್‌ಸ್ಟರ್‌ಡ್ಯಾಮಿನ ಪ್ರಸಿದ್ಧ ಕಾಲುವೆಗಳು 17ನೇ ಶತಮಾನದಲ್ಲಿ, ಹಣ ಹರಿದು ಬರುತ್ತಿದ್ದ ನಗರವೊಂದು ನಕ್ಷೆ ಹಾಕಿ ತೋಡಿಸಿದಂಥವು. ಅವನ್ನು ತೋಡುವ ಹೊತ್ತಿಗೆ ಬ್ರೂಜ್ ತನ್ನ ಸಮುದ್ರವನ್ನು ಆಗಲೇ ಕಳೆದುಕೊಂಡಿತ್ತು. 1134ರಲ್ಲಿ ಎದ್ದ ದೊಡ್ಡ ಬಿರುಗಾಳಿ ಬ್ರೂಜ್ ಇರುವ ಫ್ಲಾಂಡರ್ಸ್ ಸೀಮೆಯ ಕರಾವಳಿಯನ್ನು ಸೀಳಿ, ಜ್ವಿನ್ ಎಂಬ ಅಳಿವೆಯನ್ನು ಒಳನಾಡಿನವರೆಗೆ ತೆರೆದಿತ್ತು. ಆ ಅಳಿವೆಯ ಕೊನೆಯಲ್ಲಿ ಡಮ್ಮೆ ಎಂಬ ಬಂದರು ಹುಟ್ಟಿತು. ಅಲ್ಲಿಂದ ಕಾಲುವೆಯ ಮೂಲಕ ಸರಕು ಬ್ರೂಜ್‌ಗೆ ಬಂತು. ಇಂಗ್ಲೆಂಡಿನ ಉಣ್ಣೆ, ಜರ್ಮನಿಯ ಹಾನ್ಸಾ ಎಂಬ ವ್ಯಾಪಾರಕೂಟದ ವರ್ತಕರ ತುಪ್ಪುಳು ಚರ್ಮ ಮತ್ತು ಜೇನುಮೇಣ, ವೆನಿಸ್ ಹಾಗೂ ಜಿನೋವಾದ ಹಡಗುಗಳು ತಂದ ರೇಷ್ಮೆ ಮತ್ತು ಮಸಾಲೆ ಇಲ್ಲಿ ಕೈ ಬದಲಾಯಿಸಿದವು. ಉತ್ತರ ಯೂರೋಪಿನ ವ್ಯಾಪಾರದ ನಡುಮನೆಯಾಗಿ ಈ ಊರು ಸುಮಾರು 300 ವರ್ಷ ಬಾಳಿತು.

ಆಮೇಲೆ ಹೂಳು ತುಂಬಿತು. ನನ್ನ ತಂದೆ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರನ್ನು ಕರೆದುಕೊಂಡು ಹೋದಾಗ ಚರ್ಚು, ಗೋಪುರಗಳಿಗಿಂತ ಮೊದಲು ಅವರು ಕೇಳಿದ್ದು, "ಈ ನೀರು ಯಾವ ಕಡೆಗೆ ಹರಿಯುತ್ತದೆ?" ಎಂದು. ಜ್ವಿನ್ ಏಕೆ ಮುಚ್ಚಿಹೋಯಿತೆಂಬುದನ್ನು ಅಲ್ಲಿಯ ಫಲಕಗಳಿಂದ ಓದಿ ಹೇಳಿದಾಗ ಅವರಿಗೆ ಅದು ತಕ್ಷಣ ಅರ್ಥವಾಯಿತು. ಭರತದಲ್ಲಿ ಒಳನುಗ್ಗಿದ ಸಮುದ್ರದ ನೀರು ಇಳಿತದಲ್ಲಿ ರಭಸದಿಂದ ಹಿಂದಿರುಗುವಾಗ ತಳದ ಹೂಳನ್ನು ಗುಡಿಸಿಕೊಂಡು ಹೋಗುತ್ತದೆ. ಆದರೆ ಅಳಿವೆಯ ಎರಡೂ ದಡಗಳ ಜೌಗುನೆಲಕ್ಕೆ ಜಮೀನ್ದಾರರು ಏರಿ ಕಟ್ಟಿಸಿ ಹೊಲ, ಹುಲ್ಲುಗಾವಲು ಮಾಡಿಕೊಂಡರು. ನೀರು ಹರಡಿ ನಿಲ್ಲಲು ಜಾಗವಿಲ್ಲದೆ ಒಳಬರುವ ನೀರೇ ಕಡಿಮೆಯಾಯಿತು, ಹಿಂದಿರುಗುವ ರಭಸ ತಗ್ಗಿತು, ಹೂಳು ನಿಂತಿತು. ನಮ್ಮ ಕಡೆ ಅಂಗಳ ಒತ್ತುವರಿಯಾದ ಕೆರೆಗಳಿಗೆ ಏನಾಗುತ್ತದೆಯೋ ಅದೇ ಇಲ್ಲಿ ಒಂದು ಬಂದರಿಗೆ ಆಯಿತೆಂದು ಅಪ್ಪ ಅಂದರು. 15ನೇ ಶತಮಾನದ ಕೊನೆಯಿಂದ ವರ್ತಕರು ಒಬ್ಬೊಬ್ಬರಾಗಿ ಇನ್ನೊಂದು ಬಂದರು ನಗರವಾದ ಆಂಟ್ವರ್ಪಿಗೆ ಹೋದರು. ರಾಜಕೀಯವೂ ಇದಕ್ಕೆ ಕಾರಣವಾಯಿತು: 1488ರಲ್ಲಿ ಊರಿನ ಜನ ದಂಗೆಯೆದ್ದು ತಮ್ಮನ್ನು ಆಳುತ್ತಿದ್ದ ಮ್ಯಾಕ್ಸಿಮಿಲಿಯನ್‌ನನ್ನೇ ಮಾರ್ಕ್ಟ್ ಚೌಕದ ಒಂದು ಮನೆಯಲ್ಲಿ ಸೆರೆಯಿಟ್ಟಿದ್ದರು, ಬಿಡುಗಡೆಯಾದ ಮೇಲೆ ಅವನು ಆಂಟ್ವರ್ಪಿಗೆ ಒಲಿದನು.

ಈ ಕಥೆಯಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಪಾಲಿದೆ. ವೆನಿಸಿನ ದಾರಿಯಾಗಿ ಬ್ರೂಜ್ ತಲುಪುತ್ತಿದ್ದ ಕಾಳುಮೆಣಸು ಮೂಲತಃ ನಮ್ಮ ಘಟ್ಟದ ಬಳ್ಳಿಗಳದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ ಮೇಲೆ ಮೆಣಸು ಲಿಸ್ಬನ್ನಿಗೆ ನೇರವಾಗಿ ಬರತೊಡಗಿತು. ಪೋರ್ಚುಗೀಸರು ಅದನ್ನು ಉತ್ತರ ಯೂರೋಪಿಗೆ ಮಾರಲು ಆರಿಸಿಕೊಂಡ ಊರು ಆಂಟ್ವರ್ಪ್. ಮೊದಲ ಪೋರ್ಚುಗೀಸ್ ಮೆಣಸಿನ ಹಡಗು ಅಲ್ಲಿಗೆ ಬಂದದ್ದು 1501ರಲ್ಲಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಊರು ಬೇರೆಯಾಗಿಯೇ ಕಾಣುತ್ತದೆ. ಪ್ರವಾಸಿಗರ ಗುಂಪು ರೋಜನ್‌ಹುಡ್‌ಕಾಯ್ ಎಂಬ ತಿರುವಿನಲ್ಲಿ ಫೋಟೋ ತೆಗೆದುಕೊಂಡು ಹೊರಟುಬಿಡುತ್ತದೆ. ಅದು ನಿಜಕ್ಕೂ ಸುಂದರವಾದ ಜಾಗ. ಆದರೆ ನಾನು ಮನೆಮಂದಿಯನ್ನು ಮೊದಲು ಉತ್ತರದ ಯಾನ್ ವಾನ್ ಐಕ್ ಚೌಕಕ್ಕೆ ಕರೆದುಕೊಂಡು ಹೋಗುತ್ತೇನೆ. ಇವತ್ತು ಕಾಲುವೆ ಅಲ್ಲಿಗೆ ಮುಗಿಯುತ್ತದೆ. ಅಂದು ದೋಣಿಗಳು ಅಲ್ಲಿಂದ ಮುಂದೆ ಊರಿನ ನಡುವಿಗೇ ಸಾಗುತ್ತಿದ್ದವು. ಚೌಕದ ಬದಿಯಲ್ಲಿ ಸುಂಕದ ಮನೆ ಇನ್ನೂ ನಿಂತಿದೆ. ಸ್ವಲ್ಪ ಮುಂದೆ ಕ್ರಾನ್‌ಪ್ಲೇನ್ ಎಂಬಲ್ಲಿ ಮರದ ದೊಡ್ಡ ಯಾರಿ ಇತ್ತು. ಅದರ ಚಕ್ರದೊಳಗೆ ಕೂಲಿಗಳು ನಡೆದು ನಡೆದು ದ್ರಾಕ್ಷಾರಸದ ಪೀಪಾಯಿಗಳನ್ನು ಎತ್ತುತ್ತಿದ್ದರು. ಮಾರ್ಕ್ಟ್ ಚೌಕದ ಪೂರ್ವಕ್ಕೆ, ಈಗ ಪ್ರಾಂತ್ಯದ ಹಳೆಯ ಸರ್ಕಾರಿ ಭವನವಿರುವ ಕಡೆ, ನೀರಿನ ಮೇಲೆಯೇ ಕಟ್ಟಿದ ದೊಡ್ಡ ಹಜಾರವಿತ್ತು. ಮಳೆ ಬಂದರೂ ಸರಕು ನೆನೆಯದಂತೆ ದೋಣಿಗಳು ಅದರ ಚಾವಣಿಯಡಿಗೆ ಬಂದು ಖಾಲಿಯಾಗುತ್ತಿದ್ದವು. 1787ರಲ್ಲಿ ಅದನ್ನು ಕೆಡವಿದರು. ಮಕ್ಕಳಿಗೆ "ನೀನು ನಿಂತಿರುವ ಈ ಕಲ್ಲುಹಾಸಿನ ಅಡಿಯಲ್ಲಿ ಒಂದು ಕಾಲದಲ್ಲಿ ದೋಣಿ ಹೋಗುತ್ತಿತ್ತು" ಎಂದು ಹೇಳಿದರೆ ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ವ್ಯಾಪಾರ ಹೋದ ಮೇಲೆ ಬಡತನ ಬಂತು. 19ನೇ ಶತಮಾನದಲ್ಲಿ ಊರಿನ ಸಾವಿರಾರು ಹೆಂಗಸರು ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲ. ಊರು ಉಳಿದದ್ದು ಬಹುಮಟ್ಟಿಗೆ ಆ ಕಾರಣದಿಂದ. 2000ದಲ್ಲಿ ಯುನೆಸ್ಕೋ ಈ ಹಳೆಯ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆಂದು ಕಾಣುವುದೆಲ್ಲವೂ ಮಧ್ಯಯುಗದ್ದೆಂದು ತಿಳಿಯಬಾರದು. ಅನೇಕ ಮುಂಭಾಗಗಳು 19ನೇ ಶತಮಾನದ ಕೊನೆಯಲ್ಲಿ ಹಳೆಯ ಶೈಲಿಯನ್ನು ಅನುಸರಿಸಿ ಹೊಸದಾಗಿ ಕಟ್ಟಿದವು. ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಬೊನಿಫಾಸಿಯಸ್ ಸೇತುವೆ, ಪಾಚಿ ಹಿಡಿದು ಎಷ್ಟೇ ಪುರಾತನವಾಗಿ ಕಂಡರೂ, 20ನೇ ಶತಮಾನದ ಆರಂಭದ್ದು. ಇದರಿಂದ ಊರಿನ ಬೆಲೆ ಕಡಿಮೆಯಾಗುವುದಿಲ್ಲ. ತನ್ನ ಗತವನ್ನು ಇಷ್ಟು ಅಕ್ಕರೆಯಿಂದ ಮತ್ತೆ ಕಟ್ಟಿಕೊಂಡ ಊರು ಎಂಬ ಗೌರವವೇ ನನಗೆ ಮೂಡುತ್ತದೆ.

ಇನ್ನು ರಾತ್ರಿ ತಂಗುವ ಮಾತು. ಬ್ರಸೆಲ್ಸಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 1907ರಲ್ಲಿ ತೆರೆದ ಸೀಬ್ರುಗ್ಗೆ ಬಂದರು ಹತ್ತಿರದಲ್ಲೇ ಇದೆ. ಅಲ್ಲಿ ನಿಲ್ಲುವ ದೊಡ್ಡ ಪ್ರವಾಸಿ ಹಡಗುಗಳಿಂದ ಜನ ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಹೀಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾರ್ಕ್ಟ್‌ನಿಂದ ಬೆಗೈನ್‌ಹೋಫ್ ಎಂಬ ಭಕ್ತೆಯರ ಹಳೆಯ ವಠಾರದವರೆಗಿನ ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊಣಕಾಲು ನೋವಿನ ಅಮ್ಮನನ್ನು ಒಂದು ಕೈಯಲ್ಲಿ, ತಳ್ಳುಗಾಡಿಯ ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ, ಆ ಜನಸಂದಣಿಯಲ್ಲಿ ನಡೆದವರು ಊರನ್ನು ಇಷ್ಟಪಡದೆ ಹೋದರೆ ಅದು ಅವರ ತಪ್ಪಲ್ಲ. ಅಲ್ಲೇ ತಂಗಿದವರಿಗೆ ಸಂಜೆಯೂ ಮುಂಜಾನೆಯೂ ಸಿಗುತ್ತವೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಊಟ ಮುಗಿಸಿ ಗ್ರೂನೆರೈ ಕಾಲುವೆಯ ದಡದಲ್ಲಿ ಅಡ್ಡಾಡಿದರೆ ನಿಮ್ಮ ಹೊರತು ಸ್ಥಳೀಯರಷ್ಟೇ ಇರುತ್ತಾರೆ. ಜನಸಂದಣಿಯ ಹೊತ್ತನ್ನು ವಸ್ತುಸಂಗ್ರಹಾಲಯಗಳ ಒಳಗೆ ಕಳೆಯಿರಿ.

ಹಾಗೆ ಒಳಗೆ ಕಳೆಯುವ ಹೊತ್ತು ಬಲು ಶ್ರೀಮಂತವಾದದ್ದು. ನೋಟರ್ ಡೇಮ್, ಅಂದರೆ ಇಲ್ಲಿಯವರು ಮಾತೆ ಮೇರಿಯ ಹೆಸರಿನಲ್ಲಿ ಕಟ್ಟಿದ ದೊಡ್ಡ ಚರ್ಚಿನ ಇಟ್ಟಿಗೆಯ ಗೋಪುರ 115 ಮೀಟರ್ ಎತ್ತರವಿದೆ. ಅದರೊಳಗೆ ಮೈಕೆಲ್ಯಾಂಜೆಲೊ ಅಮೃತಶಿಲೆಯಲ್ಲಿ ಕಡೆದ ತಾಯಿ-ಮಗುವಿನ ಶಿಲ್ಪವಿದೆ. ಮಗು ತೊಡೆಯ ಮೇಲಿಲ್ಲ. ತಾಯಿಯ ಎರಡು ಮಂಡಿಗಳ ನಡುವೆ ನಿಂತು, ಅವಳ ಕೈಬೆರಳು ಹಿಡಿದೇ ಕೆಳಕ್ಕೆ ಹೆಜ್ಜೆಯಿಡಲು ಹೊರಟಿದೆ. ತಾಯಿ ಮಗುವನ್ನು ನೋಡುತ್ತಿಲ್ಲ, ಅವಳ ದೃಷ್ಟಿ ಕೆಳಗೆಲ್ಲೋ ನೆಟ್ಟಿದೆ. ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಬ್ರೂಜಿನ ಮನೆತನವೊಂದು ಇದನ್ನು ಕೊಂಡು ತಂದಿತು. ಫ್ರೆಂಚರು 1794ರಲ್ಲಿ ಒಯ್ದರು, ನೆಪೋಲಿಯನ್ ಸೋತ ಮೇಲೆ ಮರಳಿತು. 1944ರಲ್ಲಿ ಜರ್ಮನ್ ಸೈನಿಕರು ಹಾಸಿಗೆಗಳಲ್ಲಿ ಸುತ್ತಿ ರೆಡ್ ಕ್ರಾಸ್ ಲಾರಿಯಲ್ಲಿ ಸಾಗಿಸಿದರು. ಮರುವರ್ಷ ಆಸ್ಟ್ರಿಯಾದ ಆಲ್ಟ್‌ಔಸ್ಸೆ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಚರ್ಚಿನ ಎದುರಿಗೇ ಇರುವ ಸಂತ ಜಾನ್ ಆಸ್ಪತ್ರೆ 12ನೇ ಶತಮಾನದಿಂದ ರೋಗಿಗಳಿಗೂ ಯಾತ್ರಿಕರಿಗೂ ಆಸರೆಯಾಗಿದ್ದ ಜಾಗ. ಹಳೆಯ ವಾರ್ಡುಗಳ ದೊಡ್ಡ ಹಜಾರದಲ್ಲಿ 15ನೇ ಶತಮಾನದ ಚಿತ್ರಕಾರ ಮೆಮ್ಲಿಂಗ್ ಈ ಆಸ್ಪತ್ರೆಗೆಂದೇ ಬರೆದ ಚಿತ್ರಗಳು ಇವೆ.

ಮಕ್ಕಳನ್ನು ಚಿತ್ರಗಳ ಮುಂದೆ ನಿಲ್ಲಿಸುವುದು ಕಷ್ಟ ಎನ್ನುವವರಿಗೆ ಒಂದು ಉಪಾಯ ಹೇಳುತ್ತೇನೆ. ಗ್ರೂನಿಂಗೆ ಸಂಗ್ರಹದಲ್ಲಿ ಯಾನ್ ವಾನ್ ಐಕ್ 1436ರಲ್ಲಿ ಮುಗಿಸಿದ ದೊಡ್ಡ ಚಿತ್ರವಿದೆ: ನಡುವೆ ಮೇರಿ ಮಾತೆ, ಬಲಗಡೆ ಮಂಡಿಯೂರಿದ ವೃದ್ಧ ಪಾದ್ರಿ, ಅವನ ಹಿಂದೆ ಕವಚ ತೊಟ್ಟ ಸಂತ ಜಾರ್ಜ್. ಪಾದ್ರಿಯ ಕೈಯಲ್ಲಿ ಕನ್ನಡಕವಿದೆ. ಅದರ ಗಾಜಿನಡಿಯಲ್ಲಿ ಪುಸ್ತಕದ ಅಕ್ಷರಗಳು ನಿಜವಾಗಿಯೂ ಬಾಗಿ ದೊಡ್ಡದಾಗಿ ಕಾಣುವಂತೆ ವಾನ್ ಐಕ್ ಬರೆದಿದ್ದಾನೆ. ಜಾರ್ಜನ ಬೆನ್ನಿನ ಗುರಾಣಿಯ ಹೊಳಪಿನಲ್ಲಿ ಸಣ್ಣದೊಂದು ಮನುಷ್ಯಾಕೃತಿ ಪ್ರತಿಫಲಿಸಿದೆ, ಅದು ಚಿತ್ರಕಾರನೇ ಇರಬೇಕೆನ್ನುತ್ತಾರೆ. ಇದನ್ನು ಹುಡುಕಿ ಎಂದು ಬಿಟ್ಟರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಅಮ್ಮನಿಗೆ ಹೆಚ್ಚು ಹಿಡಿಸಿದ್ದು ಲೇಸು ಕೇಂದ್ರ. ಅಂಗಡಿಗಳಲ್ಲಿ ಮಾರುವ ಲೇಸಿನಲ್ಲಿ ಬಹುಪಾಲು ಯಂತ್ರದ್ದು. ಕೈಕೆಲಸವನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು. ಮಡಿಲಲ್ಲಿ ಗಟ್ಟಿ ದಿಂಬು, ಅದರ ಮೇಲೆ ತೂತು ಚುಚ್ಚಿದ ಮಾದರಿಯ ಕಾಗದ, ತೂತು ತೂತಿಗೂ ಒಂದು ಗುಂಡುಸೂಜಿ, ಸುತ್ತಲೂ ನೂಲು ಸುತ್ತಿದ ಮರದ ಕಡ್ಡಿಗಳು. ಎರಡೆರಡು ಜೋಡಿ ಕಡ್ಡಿಗಳನ್ನು ಕೈಗೆತ್ತಿಕೊಂಡು, ಒಂದರ ಮೇಲೊಂದು ದಾಟಿಸಿ, ತಿರುವಿ, ಸೂಜಿ ಚುಚ್ಚಿ, ಮುಂದಿನ ಜೋಡಿಗೆ ಹೋಗುತ್ತಾರೆ. ಕ್ರೋಶ ಬಲ್ಲ ಅಮ್ಮ ಅಲ್ಲಿದ್ದ ಹಿರಿಯ ಹೆಂಗಸಿನ ಪಕ್ಕ ಕುಳಿತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದರೂ ಬೆರಳುಗಳ ಮಾತು ಬಹಳ ಹೊತ್ತು ನಡೆಯಿತು.

ಘಂಟಾಗೋಪುರದ ಎತ್ತರ 83 ಮೀಟರ್, ಮೆಟ್ಟಿಲು 366. ಮೇಲಕ್ಕೆ ಹೋದಂತೆ ಮೆಟ್ಟಿಲು ಇಕ್ಕಟ್ಟಾಗುತ್ತದೆ, ಮೊಣಕಾಲು ನೋವಿದ್ದವರು ಹತ್ತಬಾರದು. ಸಮಯ ನಿಗದಿಪಡಿಸಿ ಮೊದಲೇ ಟಿಕೆಟ್ ಕಾಯ್ದಿರಿಸಿ. ಹಿರಿಯರು ಕೆಳಗೆ ಚೌಕದಲ್ಲಿ ಕುಳಿತು ಅದರ 47 ಘಂಟೆಗಳ ನಾದವನ್ನು ಕೇಳಬಹುದು. ದೋಣಿ ವಿಹಾರ ಸುಮಾರು ಅರ್ಧ ಗಂಟೆಯದು, ಚಳಿಗಾಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೆಳಿಗ್ಗೆ ಮೊದಲ ದೋಣಿಗೇ ಹೋದರೆ ಸಾಲು ಕಾಯಬೇಕಾಗಿಲ್ಲ. ದಾರಿಯಲ್ಲಿ ಸಿಮೋನ್ ಸ್ಟೇವಿನ್‌ನ ಪ್ರತಿಮೆಯನ್ನು ಮಕ್ಕಳಿಗೆ ತೋರಿಸಿ: 1548ರಲ್ಲಿ ಇಲ್ಲಿ ಹುಟ್ಟಿದ ಈತ 1585ರಲ್ಲಿ ದಶಮಾಂಶ ಭಿನ್ನರಾಶಿಗಳ ಬಗ್ಗೆ ಕಿರುಪುಸ್ತಕ ಬರೆದು ಅವನ್ನು ಯೂರೋಪಿನ ವರ್ತಕರಿಗೂ ಭೂಮಾಪಕರಿಗೂ ತಲುಪಿಸಿದವನು. ಆ ಲೆಕ್ಕದ ಅಂಕಿಗಳು ಭಾರತದಿಂದ ಹೊರಟು ಅರಬರ ಮೂಲಕ ಅಲ್ಲಿಗೆ ತಲುಪಿದ್ದವು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬೆಲ್ಜಿಯಮ್ಮಿನ ಹೆಸರಾಂತ ಆಲೂಗಡ್ಡೆ ಫ್ರೈಗಳನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿಯೇ ತೆಗೆದುಕೊಳ್ಳಿ. ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ, ಕೆಲವು ಚಾಕೊಲೇಟುಗಳ ಒಳಗೆ ಮದ್ಯ ಇರುತ್ತದೆ. ಅಡುಗೆಮನೆಯಿರುವ ವಸತಿ ಹಿಡಿದು, ಅಕ್ಕಿ, ಸಾರಿನ ಪುಡಿ ಒಯ್ದರೆ ಹಿರಿಯರಿಗೆ ನೆಮ್ಮದಿ.

ಎರಡನೆಯ ದಿನ ಡಮ್ಮೆಗೆ ಹೋಗಿ. ಸುಮಾರು 7 ಕಿಲೋಮೀಟರ್, ನೆಪೋಲಿಯನ್ನನ ಆಜ್ಞೆಯಂತೆ ತೋಡಿದ ನೇರ ಕಾಲುವೆಯ ದಡದಲ್ಲಿ ಪಾಪ್ಲರ್ ಮರಗಳ ಸಾಲಿನ ನಡುವೆ ಸಮತಟ್ಟಾದ ದಾರಿ. ಮಕ್ಕಳೂ ಸೈಕಲ್ಲಿನಲ್ಲಿ ಹೋಗಬಹುದು, ಹಿರಿಯರು ಬೇಸಿಗೆಯ ತಿಂಗಳುಗಳಲ್ಲಿ ಓಡುವ ಚಕ್ರದ ದೋಣಿಯಲ್ಲಿ ಬರಬಹುದು. ಒಂದು ಕಾಲದಲ್ಲಿ ಸಮುದ್ರದ ಹಡಗುಗಳು ಲಂಗರು ಹಾಕುತ್ತಿದ್ದ ಡಮ್ಮೆ ಈಗ ಹೊಲಗಳ ನಡುವಿನ ಹಳ್ಳಿ. ಅಲ್ಲಿ ಅರ್ಧ ದಿನ ಕಳೆದು, ಸಂಜೆಯ ರೈಲು ಹಿಡಿಯಿರಿ. ಅದೇ ದಿನ ಗೆಂಟ್ ನಗರವನ್ನೂ ಮುಗಿಸಿಬಿಡೋಣ ಎಂದು ಮಾತ್ರ ಹೊರಡಬೇಡಿ. ಗೆಂಟ್‌ಗೆ ಅದರದೇ ಆದ ಒಂದು ದಿನ ಬೇಕು.