ಎರಡು ಬಾಂಡು

ಪುಟ್ಟಿಯ ಎತ್ತರ ಅಳೆದದ್ದು ಕೊಬ್ಬರಿ ಅಟ್ಟಕ್ಕೆ ಹತ್ತುವ ಏಣಿಯ ಪಕ್ಕದ ಗೋಡೆಗೆ ಒರಗಿಸಿ. ಅಮ್ಮನ ಹೊಲಿಗೆ ಟೇಪು, ತಲೆ ಮೇಲೆ ಅಡ್ಡಲಾಗಿ ಬಯಾಲಜಿ ಗೈಡು. ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿದರೆ 152 ಸೆಂಟಿಮೀಟರ್, ಮೇಲೊಂದು ಕೂದಲೆಳೆ. ಮಿಲಿಟರಿ ನರ್ಸಿಂಗ್‌ಗೆ ಬೇಕಾದದ್ದು ಸರಿಯಾಗಿ 152.

"ಉಸಿರು ಹಿಡ್ಕೊಂಡಿದ್ದೀಯ, ಬಿಡು" ಎಂದೆ.

ಬಿಟ್ಟಳು. ಮತ್ತೆ ಅಳೆದೆ. ಗೆರೆ ಕದಲಲಿಲ್ಲ.

ನೀಟ್ ರಿಸಲ್ಟ್ ಬಂದು ಎಂಬಿಬಿಎಸ್ ಸರ್ಕಾರಿ ಸೀಟು ಸಿಗಲ್ಲ ಅಂತ ಗೊತ್ತಾದ ಮೇಲೆ ಇವಳು ಮೂರು ದಿನ ಮಾತಾಡಿರಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿ, "ಅಕ್ಕ, ಅದೇ ನೀಟ್ ಮಾರ್ಕ್ಸ್ ಮೇಲೆ ಸೇನೆಯ ನರ್ಸಿಂಗ್ ಕಾಲೇಜಿಗೂ ಕರೀತಾರಂತೆ, ನೀನೇನಂತೀಯ?" ಎಂದಳು. ನಾನೂ ನರ್ಸೇ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ಹಾಗಾಗಿ ಮನೆಯಲ್ಲಿ ಈ ವಿಷಯಕ್ಕೆ ನಾನೇ ಎಕ್ಸ್‌ಪರ್ಟ್. ಆದರೆ ಸೇನೆಯಲ್ಲಿ ನರ್ಸ್ ಅಂದರೆ ಏನು ಅಂತ ನನಗೂ ನೆಟ್ಟಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಕೆನಡಾ, ಐರ್ಲೆಂಡ್, ಗಲ್ಫ್ ಅಂತ ಮಾತಾಡುತ್ತಿದ್ದೆವೇ ಹೊರತು ಇದರ ಸುದ್ದಿ ಯಾರೂ ಎತ್ತಿರಲಿಲ್ಲ.

ಅಪ್ಪನದು ಇನ್ನೊಂದು ಕಷ್ಟ. ತಿಪಟೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ, ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತರೇ ಉಂಡೆ ಕೊಬ್ಬರಿ ಆಗುವುದು. ಅಷ್ಟು ನಿಧಾನಕ್ಕೆ ಬದುಕಿದ ಮನುಷ್ಯನಿಗೆ ಹತ್ತು ದಿನದಲ್ಲಿ ಮಗಳ ವಿಷಯ ತೀರ್ಮಾನ ಮಾಡು ಅಂದರೆ ಹೇಗೆ? "ಓದು ಮುಗಿದ ಮೇಲೆ ಸೇನೇಲೇ ಕೆಲಸ ಮಾಡ್ತೀನಿ ಅಂತ ಬರ್ಕೊಡೋ ಬಾಂಡಿಗೆ ನಾನೂ ಸಹಿ ಹಾಕ್ಬೇಕಂತೆ. ಯಾರನ್ನಾದ್ರೂ ಕೇಳದೆ ನಾನು ಹಾಕಲ್ಲ" ಎಂದರು.

ಕೇಳುವುದಕ್ಕೆ ಒಬ್ಬರು ಸಿಕ್ಕರು. ನನ್ನ ಸಹೋದ್ಯೋಗಿಯ ದೊಡ್ಡಮ್ಮ, ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಮೇಜರ್ ಆಗಿ ನಿವೃತ್ತರಾದವರು. ಹಾಸನದ ಕಡೆಯವರು, ಈಗ ಜಾಲಹಳ್ಳಿಯಲ್ಲಿ ಮನೆ. ಒಂದು ಭಾನುವಾರ, ನನ್ನ ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ, ಅಪ್ಪ ಮತ್ತು ಪುಟ್ಟಿ ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದರು. ಅಪ್ಪನ ಕೈಯಲ್ಲಿ ಒಂದು ಚೀಲ ಕೊಬ್ಬರಿ. ಮೆಟ್ರೋ ಸ್ಕ್ಯಾನರಿನಲ್ಲಿ ಆ ಚೀಲ ಹೋಗುವಾಗ ಸೆಕ್ಯುರಿಟಿಯವನು ಎರಡು ಸಲ ನೋಡಿದ.

ಮೇಜರ್ ಮೇಡಂ ಅಂದರೆ ಗಟ್ಟಿ ದನಿಯ, ನೆಟ್ಟಗೆ ಕೂರುವ ಯಾರನ್ನೋ ಊಹಿಸಿಕೊಂಡಿದ್ದೆ. ಬಾಗಿಲು ತೆಗೆದವರು ನೈಟಿ ಮೇಲೆ ಟವೆಲ್ ಹೊದ್ದು, ಕೈಯಲ್ಲಿ ಹೀರೇಕಾಯಿ ಹಿಡಿದಿದ್ದರು. "ಕೂತ್ಕೊಳ್ಳಿ, ಕುಕ್ಕರ್ ಇನ್ನೊಂದು ಕೂಗಲಿ" ಎಂದು ಒಳಗೆ ಹೋದರು. ಹಾಲಿನ ಗೋಡೆಯ ಮೇಲೆ ಒಂದು ಗ್ರೂಪ್ ಫೋಟೋ ಇತ್ತು. ಕೆಳಗೆ ಅಕ್ಟೋಬರ್ 1, ರೈಸಿಂಗ್ ಡೇ ಅಂತ ಬರೆದಿತ್ತು. 1926ರ ಅದೇ ದಿನ ಈ ಸರ್ವಿಸ್ ಕಾಯಂ ಆಯಿತಂತೆ. ಅದಕ್ಕೂ ಮೊದಲು, 1888ರ ಮಾರ್ಚ್‌ನಲ್ಲಿ, ಹತ್ತು ಜನ ಬ್ರಿಟಿಷ್ ನರ್ಸ್‌ಗಳು ಬೊಂಬಾಯಿ ಬಂದರಿಗೆ ಬಂದಿಳಿದದ್ದೇ ಇದರ ಶುರು. ಇದನ್ನೆಲ್ಲ ಅವರು ಅಡುಗೆಮನೆಯಿಂದಲೇ ಕೂಗಿ ಹೇಳಿದರು.

ಅಪ್ಪ ನೇರವಾಗಿ ವಿಷಯಕ್ಕೆ ಬಂದರು. "ಬೆಂಗಳೂರಲ್ಲೇ ಕಾಲೇಜಿದೆಯಂತಲ್ಲ ಮೇಡಂ. ಇಲ್ಲೇ ಸಿಕ್ರೆ ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗಬಹುದು."

"ಆರು ಕಾಲೇಜು" ಎಂದರು ಮೇಡಂ. "ಪುಣೆ, ಮುಂಬೈ, ದೆಹಲಿ, ಲಖನೌ, ಕೋಲ್ಕತ್ತ, ಬೆಂಗಳೂರು. ಎಲ್ಲಾ ಸೇರಿ 220 ಸೀಟು. ಎಲ್ಲಿ ಬರುತ್ತೋ ಅಲ್ಲಿಗೆ ಹೋಗ್ಬೇಕು. ಓದೋವಾಗಲೇ ಇದನ್ನ ಅಭ್ಯಾಸ ಮಾಡ್ಕೊಂಡ್ರೆ ಒಳ್ಳೇದು, ಆಮೇಲೂ ಹಾಗೇನೇ."

ನಾಲ್ಕು ವರ್ಷದ ಬಿ.ಎಸ್ಸಿ. ಊಟ, ಹಾಸ್ಟೆಲ್, ಯೂನಿಫಾರ್ಮ್ ಸರ್ಕಾರದ್ದು, ಕೈಗೆ ಸ್ಟೈಪೆಂಡ್ ಬೇರೆ. ಫೀಸ್ ಇಲ್ಲ ಅಂದ ಕೂಡಲೇ ಅಪ್ಪನ ಮುಖ ನೋಡಬೇಕಿತ್ತು. ನನ್ನ ಓದಿಗೆ ಎರಡು ವರ್ಷದ ಕೊಬ್ಬರಿ ದುಡ್ಡು ಹೋಗಿತ್ತು. ಮುಗಿಸಿದರೆ ಲೆಫ್ಟಿನೆಂಟ್, ಭುಜದ ಮೇಲೆ ಎರಡು ನಕ್ಷತ್ರ, ಮೂಲ ವೇತನ 56,100. ನಾನು ನನ್ನ ಸಂಬಳ ನೆನೆಸಿಕೊಂಡು ಟೀ ಲೋಟದೊಳಗೆ ನೋಡಿದೆ.

"ಆದ್ರೆ ಸುಮ್ನೆ ಚೆಂದದ್ದಷ್ಟೇ ಹೇಳಿ ಕಳಿಸೋಳಲ್ಲ ನಾನು" ಎಂದರು ಮೇಡಂ. "ನಕ್ಷತ್ರ ಇದ್ರೂ ವಾರ್ಡಲ್ಲಿ ಸಿಸ್ಟರ್ ಅಂತಾನೇ ಕರೀತಾರೆ. ಹೊಸದಾಗಿ ಬಂದ ಹುಡುಗ ಸೆಲ್ಯೂಟ್ ಹೊಡೀಲೋ ಬೇಡ್ವೋ ಅಂತ ನೋಡ್ತಾನೆ. ಬೇರೆ ಆಫೀಸರ್‌ಗಳಿಗೆ ಮಿಲಿಟರಿ ಸರ್ವಿಸ್ ಪೇ ಅಂತ ತಿಂಗಳಿಗೆ 15,500 ಇಟ್ರು ಏಳನೇ ವೇತನ ಆಯೋಗದಲ್ಲಿ. ನಮಗೆ 10,800. ಅದೇ ಲಡಾಖಿನ ಲೇಹ್, ಅದೇ ಚಳಿ." ನಗುತ್ತಲೇ ಹೇಳಿದರು. ಆದರೆ ಅಂಕಿಗಳು ನಾಲಿಗೆ ತುದಿಯಲ್ಲೇ ಇದ್ದವು. ಮರೆತಿದ್ದರೆ ಹಾಗೆ ಬರುತ್ತಿರಲಿಲ್ಲ.

ಮದುವೆ ಪ್ರಶ್ನೆ ಅಮ್ಮನದು. ಅಪ್ಪ ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ಓದುವಾಗ ಆಗುವ ಹಾಗಿಲ್ಲ, ಆಮೇಲೆ ಧಾರಾಳವಾಗಿ ಆಗಬಹುದು ಎಂದರು ಮೇಡಂ. ಅವರ ಸೀನಿಯರ್‌ಗಳ ಕಾಲದಲ್ಲಿ ಹಾಗಿರಲಿಲ್ಲವಂತೆ. ಮದುವೆಯಾದರೆ ಕೆಲಸದಿಂದ ತೆಗೆಯಬಹುದು ಅಂತ 1977ರ ಒಂದು ಆದೇಶವೇ ಇತ್ತು. 1995ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಹಾಗೆ 1988ರಲ್ಲಿ ಕೆಲಸ ಕಳೆದುಕೊಂಡ ಸೆಲಿನಾ ಜಾನ್ ಅನ್ನೋ ಲೆಫ್ಟಿನೆಂಟ್ ಕೋರ್ಟಿಗೆ ಹೋದರು. ಅವರಿಗೆ 60 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಪುಟ್ಟಿ ಬೆರಳು ಮಡಿಚಿ ಲೆಕ್ಕ ಹಾಕಿದಳು. "ಮೂವತ್ತಾರು ವರ್ಷ!" ಅವಳ ವಯಸ್ಸಿನ ಎರಡರಷ್ಟು.

ನನಗೆ ಬೇಕಾಗಿದ್ದದ್ದು ಬೇರೆ. ಕೆಲಸದ ಮಾತು. ಲೇಹ್‌ನಲ್ಲಿ ಎಂಥ ಪೇಷಂಟ್‌ಗಳು ಬರುತ್ತಿದ್ದರು ಅಂತ ಕೇಳಿದೆ. ಆಗ ಅವರು ಹೀರೇಕಾಯಿ ಬದಿಗಿಟ್ಟರು.

ಲೇಹ್ ಇರುವುದು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ. ವಿಮಾನ ಇಳಿದ ಮೊದಲ ಎರಡು ದಿನ ಇವರೇ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ, ಆ ಎರಡು ದಿನ ವಿಶ್ರಾಂತಿಯಲ್ಲಿರಬೇಕು ಅನ್ನೋದೇ ನಿಯಮ. ಆ ಎತ್ತರಕ್ಕೆ ಒಗ್ಗದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಇಪ್ಪತ್ತೆರಡು ವರ್ಷದ ಹುಡುಗರು. ಇನ್ನೂ ಮೇಲಿನ ಪೋಸ್ಟ್‌ಗಳಿಂದ ಹೆಲಿಕಾಪ್ಟರ್‌ನಲ್ಲಿ ಬರುವ ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಬೆರಳು ಸತ್ತು ಕಪ್ಪಾಗುವುದು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಣ್ಣಲ್ಲಿ ನೋಡಿಲ್ಲ. ತಿಪಟೂರಿನವಳಿಗೆ ಹಿಮ ಅಂದರೆ ಫ್ರಿಜ್ಜಿನ ಫ್ರೀಜರ್.

"ಉಜ್ಜಬಾರದು, ಬೆಂಕಿ ಮುಂದೆ ಹಿಡೀಬಾರದು" ಎಂದು ಪುಟ್ಟಿಯ ಎಡಗೈ ಎಳೆದುಕೊಂಡರು. "ಉಗುರುಬೆಚ್ಚಗಿನ ನೀರು, ಮೂವತ್ತೇಳರಿಂದ ಮೂವತ್ತೊಂಬತ್ತು ಡಿಗ್ರಿ. ನೀರು ತಣ್ಣಗಾಗ್ತಾ ಇದ್ದ ಹಾಗೆ ಬಿಸಿ ಸೇರಿಸ್ತಾ ಇರ್ಬೇಕು. ಜೀವ ವಾಪಸ್ ಬರೋವಾಗ ಹುಡುಗ್ರು ಕಿರುಚ್ತಾರೆ, ಅಷ್ಟು ನೋವು." ಆಮೇಲೆ ಟೀಪಾಯಿ ಮೇಲಿದ್ದ ಟಿಶ್ಯೂ ಕಾಗದ ಹರಿದು, ಸಣ್ಣ ಸಣ್ಣ ಸುರುಳಿ ಮಾಡಿ, ಪುಟ್ಟಿಯ ಒಂದೊಂದು ಬೆರಳಿನ ಸಂದಿಗೂ ಇಟ್ಟರು. ಬೆರಳಿಗೆ ಬೆರಳು ತಾಕಬಾರದು. ಮೇಲೆ ಸಡಿಲವಾಗಿ ಕರ್ಚೀಫು ಸುತ್ತಿದರು. ಐವತ್ತು ದಾಟಿದ ಆ ಕೈಗಳು ಎಷ್ಟು ಹಗುರವಾಗಿ ಓಡಾಡಿದವು ಅಂದರೆ, ನಾನು ನನ್ನ ಕೈ ನೋಡಿಕೊಂಡೆ. ನಮ್ಮಲ್ಲಿ ನೈಟ್ ಶಿಫ್ಟಿಗೆ ಒಬ್ಬರಿಗೆ ಮೂರು ವೆಂಟಿಲೇಟರ್. ಹಗುರವಾಗಿ ಮುಟ್ಟಲು ಟೈಮೆಲ್ಲಿ?

"ಕತ್ತರಿಸೋದು ಯಾವಾಗ ಮೇಡಂ?" ಎಂದೆ.

"ಅವಸರ ಮಾಡೋ ಹಾಗಿಲ್ಲ. ಸತ್ತದ್ದೆಷ್ಟು, ಬದುಕಿರೋದೆಷ್ಟು ಅಂತ ದೇಹಾನೇ ಗೆರೆ ಹಾಕುತ್ತೆ. ಅಲ್ಲೀವರೆಗೂ ವಾರಗಟ್ಟಲೆ ಡ್ರೆಸಿಂಗ್ ಮಾಡ್ತಾ ಕಾಯ್ಬೇಕು. ಪೂರ್ತಿ ಹೋಯ್ತು ಅಂದ್ಕೊಂಡ ಬೆರಳು ಅರ್ಧ ಉಳಿದದ್ದೂ ಇದೆ."

ಅಷ್ಟು ಹೊತ್ತು ಸುಮ್ಮನಿದ್ದ ಅಪ್ಪ, "ಹಂಗಾದ್ರೆ ಕಾಯೋದೇ ಕೆಲಸ ಅನ್ನಿ" ಎಂದರು. ಅದು ಅವರಿಗೆ ಅರ್ಥವಾಗುವ ಭಾಷೆ. ಅಲ್ಲಿಂದ ಅವರ ದನಿಯೇ ಬದಲಾಯಿತು. ಕೊನೆಗೆ ಅಸಲಿ ಪ್ರಶ್ನೆ ಕೇಳಿದರು. "ಬಾಂಡು ಬರಕೊಟ್ಟ ಮೇಲೆ ಇವಳು ಬೇಡ ಅಂದ್ರೆ?"

ಮೇಡಂ ನನ್ನ ಕಡೆ ತಿರುಗಿದರು. "ನಿಂಗೆ ಬಾಂಡ್ ಇಲ್ವಾ ನಿಮ್ಮ ಆಸ್ಪತ್ರೇಲಿ?"

ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಸೇರುವಾಗಲೇ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಡಿಗ್ರಿವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ತೆಗೆದಿಟ್ಟುಕೊಂಡಿದ್ದಾರೆ. ಎರಡು ವರ್ಷ ಮುಗಿಯುವ ಮುಂಚೆ ಬಿಟ್ಟರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಹೇಳಿದೆ. ಅಪ್ಪ ನನ್ನನ್ನೇ ನೋಡುತ್ತಾ ಕೂತರು. "ಯಾಕವ್ವ ಹೇಳಲಿಲ್ಲ?" ಎಂದರು. ಏನು ಹೇಳಲಿ? ಎಲ್ಲರದೂ ಹಾಗೇ ಅಂತ ನಾನೂ ಸುಮ್ಮನಿದ್ದೆ.

"ಇದೂ ಬಾಂಡು, ಅದೂ ಬಾಂಡು. ಸಹಿ ಹಾಕೋ ಮುಂಚೆ ಒಂದೊಂದು ಸಾಲೂ ಓದ್ಕೊಳ್ಳಿ" ಎಂದಷ್ಟೇ ಹೇಳಿ ಮೇಡಂ ಕುಕ್ಕರ್ ಮುಚ್ಚಳ ತೆಗೆಯಲು ಎದ್ದರು. ಬೇಡ ಎಂದರೂ ಊಟಕ್ಕೆ ಕೂರಿಸಿದರು. ಹೀರೇಕಾಯಿ ಪಲ್ಯ, ಬೇಳೆ ಸಾರು. ಬಡಿಸುತ್ತಾ, "ನಿನ್ನ ವಯಸ್ಸೆಷ್ಟು?" ಎಂದು ನನ್ನನ್ನು ಕೇಳಿದರು.

"ಇಪ್ಪತ್ತಾರು."

"ಮತ್ತೆ ನೀನ್ಯಾಕೆ ಹಾಕಬಾರ್ದು? ಡಿಗ್ರಿ ಆದೋರಿಗೆ ಶಾರ್ಟ್ ಸರ್ವಿಸ್, ಅಂದ್ರೆ ಕೆಲವೇ ವರ್ಷದ ನೌಕರಿ, ಇದೆಯಲ್ಲ. ಹಿಂದೆ ಕರೆದಾಗ 35ರವರೆಗೂ ತಗೊಂಡಿದ್ರು. ಅದೇ ಲೆಫ್ಟಿನೆಂಟ್."

ಪುಟ್ಟಿ ತಟ್ಟೆಯಿಂದ ತಲೆ ಎತ್ತಿದಳು. ನಾನು ನಕ್ಕು, "ನಂಗೆಲ್ಲಿ ಮೇಡಂ" ಎಂದೆ. ಅಮ್ಮನ ಶುಗರ್, ಅಪ್ಪನ ಮಂಡಿ, ತೋಟದ ಸಾಲ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಒಂದನ್ನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಎರಡು ವಾರದಿಂದ ಇವಳ ಫಾರ್ಮಿಗೆ ನಾನು ಅಷ್ಟು ಒದ್ದಾಡುತ್ತಿದ್ದದ್ದರಲ್ಲಿ ಒಂಚೂರು ಹೊಟ್ಟೆಕಿಚ್ಚೂ ಇತ್ತು. ಅದು ನನಗೆ ಗೊತ್ತಾದದ್ದು ಆ ಸಾರನ್ನದ ಮುಂದೆ.

ವಾಪಸ್ ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಪುಟ್ಟಿ ಇಂಗ್ಲಿಷ್ ಬಗ್ಗೆ ಗೋಳು ಶುರು ಮಾಡಿದಳು. ನೀಟ್ ಆದಮೇಲೂ ಇಂಗ್ಲಿಷ್, ಬುದ್ಧಿಮತ್ತೆ ಅಂತ ಕಂಪ್ಯೂಟರ್ ಟೆಸ್ಟ್ ಇದೆ, ಆಮೇಲೆ ದೆಹಲಿಯಲ್ಲಿ ಇಂಟರ್‌ವ್ಯೂ, ಮೆಡಿಕಲ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವಳು. ದಿನಾ ರಾತ್ರಿ ಅರ್ಧ ಗಂಟೆ ನನಗೆ ಫೋನ್ ಮಾಡಿ ಇಂಗ್ಲಿಷಿನಲ್ಲೇ ಮಾತಾಡು ಎಂದೆ. "ನಿಂಗೇ ಬರಲ್ವಲ್ಲೇ!" ಎಂದಳು. ಎಡಗೈ ಬೆರಳಿನ ಸಂದಿಯಲ್ಲಿ ಒಂದು ಟಿಶ್ಯೂ ಸುರುಳಿ ಇನ್ನೂ ಹಾಗೇ ಇತ್ತು. ಅಪ್ಪ ಖಾಲಿ ಚೀಲ ಮಡಿಚುತ್ತಾ, ರೈಲು ಹತ್ತುವ ಮುಂಚೆ, "ಇನ್ನೆಷ್ಟು ತಿಂಗಳಿದೆ ನಿಂದು?" ಎಂದರು. ಐದು ಎಂದೆ.

ಪುಟ್ಟಿಯ ಫಾರ್ಮ್ ಹೋಗಿದೆ.

ಮರುದಿನವೋ ಆಚೆ ದಿನವೋ ಶಿಫ್ಟ್ ಮುಗಿಸಿ ನಮ್ಮ ಆಸ್ಪತ್ರೆಯ ಎಚ್‌ಆರ್ ಕಿಟಕಿಗೆ ಹೋದೆ. ಒರಿಜಿನಲ್ಸ್ ಒಂದ್ಸಲ ನೋಡಬೇಕಿತ್ತು ಎಂದೆ. ಯಾಕೆ ಎಂದರು. ಸುಮ್ನೆ, ಜೆರಾಕ್ಸ್ ಮಾಡಿಸ್ಬೇಕಿತ್ತು. ಒರಿಜಿನಲ್ ಹೊರಗೆ ಕೊಡಲ್ಲ ಸಿಸ್ಟರ್, ಬೇಕಾದ್ರೆ ಇಲ್ಲೇ ಜೆರಾಕ್ಸ್ ತೆಗೆದುಕೊಡ್ತೀವಿ ಎಂದು ಒಳಗಿಂದ ಫೈಲ್ ತಂದರು. ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಮೂಲೆ ಮಡಿಚಿಹೋಗಿತ್ತು. ಹೆಬ್ಬೆರಳಿನಲ್ಲಿ ತೀಡಿ ನೆಟ್ಟಗೆ ಮಾಡಿದೆ.

"ಎಷ್ಟು ಸೆಟ್?" ಎಂದರು.

"ಎರಡು" ಎಂದೆ.