ಸುವರ್ಣಭೂಮಿಯಲ್ಲಿ ಮೊದಲ ಒಂದು ತಾಸು

ಧಾರವಾಡದ ಕೋರ್ಟ್ ಸರ್ಕಲ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಅಣ್ಣ ಹನ್ನೊಂದು ಹಾಳೆ ಮುದ್ರಿಸಿಕೊಂಡು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡಾಗ ನಾನು ನಕ್ಕಿದ್ದೆ. ಪ್ರವಾಸಕ್ಕೆ ಸಂಬಂಧಿಸಿದ ಇಮೇಲುಗಳನ್ನೆಲ್ಲ ನಾನು ಅವನಿಗೂ ಕಳಿಸಿದ್ದೆ; ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವ ಗೋಜಿಗೆ ಹೋಗದೆ ಅವನು ಎಲ್ಲವನ್ನೂ ಮುದ್ರಿಸಿದ್ದ. ವಿಮಾನದ ಟಿಕೆಟ್ಟು, ಹೋಟೆಲಿನ ವಿಳಾಸ, ಪಾಸ್‌ಪೋರ್ಟಿನ ಪುಟಗಳು, ಥಾಯ್ಲೆಂಡ್ ಸರ್ಕಾರ 2025ರ ಮೇ 1ರಿಂದ ಕಡ್ಡಾಯಗೊಳಿಸಿದ ಡಿಜಿಟಲ್ ಆಗಮನ ಪತ್ರ, ಇವುಗಳ ಜೊತೆಗೆ ನನ್ನ ಇ-ಸಿಮ್ಮಿನ ಕ್ಯೂಆರ್ ಕೋಡ್ ಇದ್ದ ಇಮೇಲ್ ಕೂಡ ಆ ಫೈಲಿನಲ್ಲಿತ್ತು. ಗದಗಿನಲ್ಲಿ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನಿಗೆ ಕೈಯಲ್ಲಿ ಹಿಡಿಯಲು ಬಾರದ ಕಾಗದವು ಕಾಗದವೇ ಅಲ್ಲ.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ವಿಮಾನವಿಲ್ಲದ ಕಾರಣ ಮಧ್ಯಾಹ್ನದ ವಂದೇ ಭಾರತ್ ರೈಲಿನಲ್ಲಿ ಬೆಂಗಳೂರು ಸೇರಿ, ಅಲ್ಲಿಂದ ವಾಯು ವಜ್ರ ಬಸ್ಸಿನಲ್ಲಿ ದೇವನಹಳ್ಳಿಯ ನಿಲ್ದಾಣದ ಎರಡನೇ ಟರ್ಮಿನಲ್ಲಿಗೆ ಹೋದೆವು. ಬ್ಯಾಂಕಾಕಿಗೆ ಅಲ್ಲಿಂದ ಹೆಚ್ಚುಕಡಿಮೆ ನಾಲ್ಕು ತಾಸಿನ ಹಾದಿ. ಈ ಮಾರ್ಗದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, ರೈಲಿನಲ್ಲಿಯೂ ವಿಮಾನದಲ್ಲಿಯೂ ಇಬ್ಬರೂ ನಿದ್ದೆ ಮಾಡಿದೆವು.

ಇಂಟರ್ನೆಟ್ಟಿನ ವಿಷಯದಲ್ಲಿ ನಾನು ಊರಿನಲ್ಲಿಯೇ ತಕ್ಕಮಟ್ಟಿಗೆ ಯೋಚಿಸಿದ್ದೆ. ನಮ್ಮ ದೇಶದ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸುವುದು, ಅಲ್ಲಿ ಇಳಿದ ಮೇಲೆ ಸ್ಥಳೀಯ ಸಿಮ್ ಕೊಳ್ಳುವುದು, ಮೊದಲೇ ಇ-ಸಿಮ್ ಕೊಂಡುಕೊಳ್ಳುವುದು ಎಂಬ ಮೂರು ದಾರಿಗಳಲ್ಲಿ ನನಗೆ ಕೊನೆಯದು ಸರಿ ಎನಿಸಿತು. ಇ-ಸಿಮ್ಮಿಗೆ ಚೂರು ಪ್ಲಾಸ್ಟಿಕ್ಕೂ ಇಲ್ಲ, ಫೋನಿನೊಳಗೇ ಕೂತಿರುವ ಚಿಪ್ಪಿಗೆ ಕಂಪನಿಯ ವಿವರಗಳು ಇಂಟರ್ನೆಟ್ ಮೂಲಕ ಇಳಿದು ಬರುತ್ತವೆ. ಹೀಗಾಗಿ ಊರಿನ ಸಿಮ್ಮನ್ನು ಹೊರತೆಗೆಯುವ ಪ್ರಸಂಗ ಬರುವುದಿಲ್ಲ. ಇದು ಸಣ್ಣ ಲಾಭವಲ್ಲ, ಏಕೆಂದರೆ ಪರದೇಶದಲ್ಲಿ ಕಾರ್ಡ್ ಬಳಸಿ ಹಣ ಕಟ್ಟುವಾಗ ಬ್ಯಾಂಕಿನ ಓಟಿಪಿ ಬರುವುದು ನಮ್ಮ ಊರಿನ ಸಿಮ್ಮಿಗೇ. ಅದು ಪರ್ಸಿನಲ್ಲಿ ಮಲಗಿದ್ದರೆ ಓಟಿಪಿ ಬಂದು ಮುಟ್ಟಲು ಸ್ಥಳವೇ ಇರುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಆ ಸಿಮ್ಮಿಗೆ ರೋಮಿಂಗ್ ಸೌಲಭ್ಯ ಮಾಡಿಸಿ, ಅದರ ಡೇಟಾ ರೋಮಿಂಗನ್ನು ಮಾತ್ರ ಬಂದ್ ಮಾಡಿ ಇಟ್ಟಿದ್ದೆ. ಪ್ಯಾಕ್ ಇಲ್ಲದೆ ಡೇಟಾ ಹರಿದರೆ ಎಂಬಿ ಲೆಕ್ಕದಲ್ಲಿ ಹಣ ಹೋಗುತ್ತದೆ ಎಂಬ ಭಯವೇ ಅದಕ್ಕೆ ಕಾರಣ. ಇಷ್ಟೆಲ್ಲ ಮಾಡಿಯೂ ಇ-ಸಿಮ್ಮನ್ನು ಫೋನಿಗೆ ಏರಿಸುವ ಕೆಲಸವನ್ನು ಮಾತ್ರ ಬ್ಯಾಂಕಾಕಿನಲ್ಲಿ ಮಾಡಿದರಾಯಿತು ಎಂದು ಬಿಟ್ಟಿದ್ದೆ. ಇ-ಸಿಮ್ಮಿನ ಅವಧಿಯ ದಿನಗಳ ಲೆಕ್ಕ ಊರಿನಿಂದಲೇ ಶುರುವಾಗಿಬಿಟ್ಟೀತು ಎಂಬ ಜಿಪುಣತನ ಅದು.

ಬೆಳಗಿನ ಐದೂವರೆಗೆ ಸುವರ್ಣಭೂಮಿ ನಿಲ್ದಾಣದಲ್ಲಿ ಇಳಿದೆವು. ಥಾಯ್ ಜನ ಅದನ್ನು ‘ಸುವನ್ನಪೂಮ್’ ಎಂದು ಉಚ್ಚರಿಸುವುದನ್ನು ಕೇಳಿ, ನಮ್ಮದೇ ಪದ ಬೇರೆ ಅಂಗಿ ತೊಟ್ಟು ಎದುರಿಗೆ ಬಂದಂತೆ ಅಣ್ಣನಿಗೆ ಖುಷಿಯಾಯಿತು. ಫೋನಿನ ಗಡಿಯಾರ ತಾನಾಗಿಯೇ ಒಂದೂವರೆ ತಾಸು ಮುಂದೆ ಹೋಗಿತ್ತು, ಅಣ್ಣನ ಕೈಗಡಿಯಾರ ಇನ್ನೂ ಗದಗಿನ ನಾಲ್ಕು ಗಂಟೆಯಲ್ಲೇ ಇತ್ತು. ವಲಸೆ ವಿಭಾಗವನ್ನು ದಾಟಿ ಸಾಮಾನು ತೆಗೆದುಕೊಂಡು ಹೊರಗಿನ ಹಜಾರಕ್ಕೆ ಬಂದೊಡನೆ ನಿಲ್ದಾಣದ ಉಚಿತ ವೈಫೈಗೆ ಹೆಸರು ನೋಂದಾಯಿಸಿ, ನನ್ನ ಇಮೇಲ್ ತೆರೆದೆ. ಕ್ಯೂಆರ್ ಕೋಡ್ ಪರದೆಯ ಮೇಲೆ ಚೊಕ್ಕಟವಾಗಿ ಮೂಡಿತು.

ಅಲ್ಲಿಯವರೆಗೆ ನನ್ನ ತಲೆಗೆ ಹೊಳೆಯದಿದ್ದ ಸಂಗತಿ ಆಗ ಹೊಳೆಯಿತು. ಕೋಡ್ ಇರುವುದು ನನ್ನ ಫೋನಿನ ಪರದೆಯಲ್ಲಿ, ಅದನ್ನು ಓದಬೇಕಾದ ಕ್ಯಾಮೆರಾ ಇರುವುದು ಅದೇ ಫೋನಿನ ಬೆನ್ನಿನಲ್ಲಿ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಯಾವ ಕಣ್ಣಿಗೂ ಸಾಧ್ಯವಿಲ್ಲ. ಈಚಿನ ಕೆಲವು ಫೋನುಗಳಲ್ಲಿ ಕೋಡಿನ ಚಿತ್ರವನ್ನು ಒತ್ತಿ ಹಿಡಿದರೆ ಸಾಕು, ಇ-ಸಿಮ್ ಸೇರಿಕೊಳ್ಳುತ್ತದೆ. ನನ್ನದು ಅಷ್ಟು ಜಾಣ ಫೋನಲ್ಲ. ಉದ್ದನೆಯ ವಿಳಾಸವನ್ನೂ ಸಕ್ರಿಯಗೊಳಿಸುವ ಸಂಕೇತವನ್ನೂ ಕೈಯಿಂದಲೇ ತುಂಬುವ ದಾರಿಯಿತ್ತು. ಎರಡು ಸಲ ತುಂಬಿದೆ, ಎರಡು ಸಲವೂ ತಪ್ಪು ಎಂದಿತು. ಸೊನ್ನೆ ಯಾವುದು, ಇಂಗ್ಲಿಷಿನ ‘ಓ’ ಯಾವುದು ಎಂಬುದು ನಿದ್ದೆಗೆಟ್ಟ ಕಣ್ಣಿಗೆ ತಿಳಿಯದಾಯಿತು.

“ಏನೋ ತಮ್ಮಾ, ನೆಟ್ ಬಂತೇನು?” ಎಂದು ಅಣ್ಣ ಕೇಳಿದ. ಆಗಿದ್ದನ್ನು ಹೇಳಿದೆ. ಅವನು ಮಾತಾಡದೆ ಫೈಲು ಬಿಚ್ಚಿ, ಒಂಬತ್ತನೆಯ ಹಾಳೆ ತೆಗೆದು ಸೂಟ್‌ಕೇಸಿನ ಮೇಲೆ ಹರವಿದ.

ಕಪ್ಪು-ಬಿಳುಪಿನಲ್ಲಿ ಮುದ್ರಿಸಿದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ್ದರಿಂದ ಒಂದು ಮಡಿಕೆಯ ಗೆರೆ ಸರಿಯಾಗಿ ಕೋಡಿನ ನಡುವೆ ಹಾಯ್ದು, ಅಲ್ಲಿ ಶಾಯಿ ಉದುರಿತ್ತು. ಓದಲಾರದು ಎಂದುಕೊಂಡೇ ಕ್ಯಾಮೆರಾ ಹಿಡಿದೆ, ಒಂದೇ ಸಲಕ್ಕೆ ಓದಿತು. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕವಿಡಲು ಈ ಕೋಡನ್ನು ರೂಪಿಸುವಾಗ, ಕಾರ್ಖಾನೆಯ ಎಣ್ಣೆ ಮತ್ತು ಮಸಿಯಲ್ಲಿ ಒಂದಿಷ್ಟು ಭಾಗ ಅಳಿಸಿದರೂ ಉಳಿದುದರಿಂದ ಮಾಹಿತಿ ತೆಗೆಯಲು ಬರುವಂತೆ ಲೆಕ್ಕ ಹಾಕಿಟ್ಟಿದ್ದಾರೆ. ಅತ್ಯಂತ ಮೇಲಿನ ಮಟ್ಟದಲ್ಲಿ ಶೇಕಡಾ 30ರಷ್ಟು ಹಾಳಾದರೂ ನಡೆಯುತ್ತದೆ. ಅಣ್ಣನ ಮಡಿಕೆಯನ್ನೂ ಅವರು ಲೆಕ್ಕದಲ್ಲಿ ಹಿಡಿದಿದ್ದರು ಎನ್ನಬೇಕು.

ಇ-ಸಿಮ್ ಸೇರಿತು, ಸಿಗ್ನಲ್ಲಿನ ಕಡ್ಡಿಗಳು ನಾಲ್ಕೂ ಬಂದವು, ಇಂಟರ್ನೆಟ್ ಮಾತ್ರ ಬರಲಿಲ್ಲ. ಫೋನನ್ನು ಆರಿಸಿ ಮತ್ತೆ ಹಚ್ಚಿದೆ, ಫ್ಲೈಟ್ ಮೋಡಿಗೆ ಹಾಕಿ ತೆಗೆದೆ, ವೈಫೈ ಬಂದ್ ಮಾಡಿ ನೋಡಿದೆ. ಹತ್ತು ನಿಮಿಷ ಹೀಗೆ ಹೋದ ಮೇಲೆ ಅದೇ ಇಮೇಲಿನ ಕೆಳಗಿದ್ದ ಸಣ್ಣಕ್ಷರದ ಸಾಲು ಕಣ್ಣಿಗೆ ಬಿತ್ತು: ಡೇಟಾ ರೋಮಿಂಗ್ ಚಾಲೂ ಇರಬೇಕು. ಯಾವುದಕ್ಕೆ ಹೆದರಿ ಬಂದ್ ಮಾಡಿದ್ದೆನೋ ಅದನ್ನೇ ಚಾಲೂ ಮಾಡಬೇಕಾಗಿತ್ತು. ಇದರ ಗುಟ್ಟು ಇಷ್ಟೇ. ಪ್ರವಾಸಿಗಳಿಗೆಂದು ಮಾರುವ ಇ-ಸಿಮ್ಮುಗಳು ಬಹಳಮಟ್ಟಿಗೆ ಆ ದೇಶದವೇ ಅಲ್ಲ, ಅವು ಕೂಡ ಬೇರೊಂದು ದೇಶದ ಕಂಪನಿಯ ಸಿಮ್ಮುಗಳಾಗಿ ಇಲ್ಲಿಯ ಜಾಲದಲ್ಲಿ ನಮ್ಮಂತೆಯೇ ಅತಿಥಿಗಳಾಗಿರುತ್ತವೆ. ಆದ್ದರಿಂದ ಊರಿನ ಸಿಮ್ಮಿಗೆ ರೋಮಿಂಗ್ ಡೇಟಾ ಬಂದ್, ಇ-ಸಿಮ್ಮಿಗೆ ಚಾಲೂ ಎಂದು ಬೇರೆಬೇರೆಯಾಗಿಯೇ ಹೇಳಬೇಕು. ಗುಂಡಿ ಒತ್ತಿದ ಮರುಕ್ಷಣ ನಕ್ಷೆಯ ಬೂದು ಹಾಳೆಯಲ್ಲಿ ರಸ್ತೆಗಳು ಒಂದೊಂದಾಗಿ ಮೂಡಿ, ನಡುವೆ ನೀಲಿ ಚುಕ್ಕೆಯೊಂದು ಮಿಡಿಯತೊಡಗಿತು.

ಅಣ್ಣನ ಹಳೆಯ ಫೋನಿಗೆ ಇ-ಸಿಮ್ ನಡೆಯುವುದಿಲ್ಲ. ಅವನಿಗಾಗಿ ಹಜಾರದಲ್ಲಿಯೇ ಸಾಲಾಗಿರುವ ಸಿಮ್ ಕೌಂಟರುಗಳಲ್ಲಿ ಒಂದಕ್ಕೆ ಹೋದೆವು. ಪಾಸ್‌ಪೋರ್ಟ್ ಕೊಡದೆ ಅಲ್ಲಿ ಸಿಮ್ ಸಿಗುವುದಿಲ್ಲ, ಕೊಟ್ಟರೆ ಉಳಿದುದನ್ನೆಲ್ಲ ಅವರೇ ಮಾಡಿಕೊಡುತ್ತಾರೆ. ಕೌಂಟರಿನ ಹುಡುಗಿ ಅಣ್ಣನ ಫೋನ್ ಇಸಿದುಕೊಂಡು, ಸಣ್ಣ ಪಿನ್ನಿನಿಂದ ತಟ್ಟೆಯನ್ನು ಹೊರಗೆಳೆದಳು. ಅದರಲ್ಲಿ ಎರಡೂ ಮನೆ ಭರ್ತಿಯಾಗಿದ್ದವು. ಒಂದರಲ್ಲಿ ಪಿಂಚಣಿಯ ಬ್ಯಾಂಕಿಗೆ ಜೋಡಿಸಿದ ನಂಬರು, ಇನ್ನೊಂದರಲ್ಲಿ ಹೊಲದ ಆಳುಕಾಳುಗಳ ಜೊತೆ ಮಾತಾಡಲು ಇಟ್ಟ ನಂಬರು. ಅವಳ ಬೆರಳು ಮೊದಲನೆಯದರ ಮೇಲೆ ಹೋದೊಡನೆ ಅಣ್ಣ ಅಂಗೈಯನ್ನು ಅಡ್ಡ ಹಿಡಿದು, “ಇದು ಪೆನ್ಶನ್ ಸಿಮ್ ಐತವ್ವಾ, ಇದನ್ನ ತೆಗೀಬ್ಯಾಡ” ಎಂದ. ಕನ್ನಡದಲ್ಲಿಯೇ ಅಂದ. ಅವಳು ನಕ್ಕು ಎರಡನೆಯದನ್ನು ತೆಗೆದು, ಪುಟ್ಟ ರಟ್ಟಿಗೆ ಟೇಪಿನಿಂದ ಅಂಟಿಸಿ ಎರಡೂ ಕೈಯಿಂದ ಕೊಟ್ಟಳು. ಅದನ್ನು ಅವನು ವೀರನಾರಾಯಣನ ಗುಡಿಯ ಪ್ರಸಾದದ ಪೊಟ್ಟಣದೊಳಗೆ ಸೇರಿಸಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡ. ನನಗೆ ಸಿಕ್ಕಿದ್ದು ಬರೀ ಡೇಟಾ, ಅವನಿಗೆ ಮಾತ್ರ ಕರೆ ಮಾಡಲು ಥಾಯ್ಲೆಂಡಿನದೇ ನಂಬರೂ ಬಂತು. ಹೋಟೆಲಿನವರಿಗೆ ಫೋನ್ ಮಾಡುವಾಗಲೆಲ್ಲ ಆಮೇಲೆ ನಾನು ಅವನ ಫೋನನ್ನೇ ಕೇಳಬೇಕಾಯಿತು.

ಮನೆಗೆ ವಾಟ್ಸಾಪ್ ಕರೆ ಮಾಡಿದೆ. ಸಿಮ್ ಬೇರೆಯಾದರೂ ವಾಟ್ಸಾಪ್ ಹಳೆಯ ನಂಬರಿನ ಮೇಲೆಯೇ ನಡೆಯುತ್ತದೆ, ನಂಬರು ಬದಲಿಸುವಿರಾ ಎಂದು ಅದು ಕೇಳಿದರೆ ಬೇಡ ಎನ್ನಬೇಕು, ಅಷ್ಟೇ. ಹೆಂಡತಿಯ ಕೈಯಿಂದ ಅವ್ವ ಫೋನ್ ಇಸಿದುಕೊಂಡಳು. “ಮುಟ್ಟಿದ್ರೇನೋ? ಅಲ್ಲಿ ಬೆಳಗಾಗೇತೇನು?” ಎಂದಳು. ಗಾಜಿನ ಗೋಡೆಯಾಚೆ ಬೆಳಕು ಹರಿದಿತ್ತು, ಧಾರವಾಡದಲ್ಲಿ ಇನ್ನೂ ಕತ್ತಲೆ. ಕ್ಯಾಮೆರಾ ತಿರುಗಿಸಿ ತೋರಿಸಿದೆ.

ನೆಲಮಾಳಿಗೆಯಿಂದ ನಗರದೊಳಗಿನ ಫಯಾ ಥಾಯ್‌ವರೆಗೆ ರೈಲು ಇದೆಯಾದರೂ ಅಣ್ಣನ ಮೊಣಕಾಲು ನೋವಿನ ಕಾರಣ ಟ್ಯಾಕ್ಸಿಯನ್ನೇ ಹಿಡಿಯುವುದೆಂದಾಯಿತು. ಕೆಳಗಿನ ಅಂತಸ್ತಿನಲ್ಲಿ ಯಂತ್ರವೊಂದರ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದರ ಮೇಲಿನ ಸಂಖ್ಯೆಯ ಸಾಲಿನಲ್ಲಿ ನಮ್ಮ ಟ್ಯಾಕ್ಸಿ ನಿಂತಿರುತ್ತದೆ. ಇಲ್ಲಿ ನೆಟ್ಟಿನ ಹಂಗಿಲ್ಲ ಎಂದು ಅಣ್ಣ ನನ್ನ ಕಡೆ ಒಮ್ಮೆ ನೋಡಿದ. ಚಾಲಕನಿಗೆ ತನ್ನ ಫೈಲಿನಿಂದ ಹೋಟೆಲಿನ ವಿಳಾಸದ ಹಾಳೆಯನ್ನೂ ಗತ್ತಿನಿಂದಲೇ ಕೊಟ್ಟ. ಚಾಲಕ ಅದನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ತಲೆಯಾಡಿಸಿ ಮರಳಿ ಕೊಟ್ಟ. ವಿಳಾಸ ಇಂಗ್ಲಿಷಿನಲ್ಲಿತ್ತು. ನಾನು ನಕ್ಷೆಯಲ್ಲಿ ಹೋಟೆಲನ್ನು ಹುಡುಕಿ, ಥಾಯ್ ಲಿಪಿಯಲ್ಲಿದ್ದ ಹೆಸರನ್ನು ತೋರಿಸಿದೊಡನೆ ಗಾಡಿ ಚಾಲೂ ಆಯಿತು.

ಮೀಟರಿನ ಮೇಲೆ ನಿಲ್ದಾಣದ ಶುಲ್ಕವೆಂದು 50 ಬಾತ್ ಕೊಡಬೇಕಿತ್ತು. ಅಣ್ಣ ಆ ಲೆಕ್ಕವನ್ನು ಒಂಬತ್ತನೆಯ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು, ಟ್ಯಾಕ್ಸಿಯ ಚೀಟಿಯನ್ನೂ ಅದರ ಜೊತೆಗೇ ಫೈಲಿಗೆ ಸೇರಿಸಿದ.